ಬಂಕಿನ ಹಿಂದಿನ ಬಾವಿ

ಏನೂ ಇಲ್ಲ ಅಕ್ಕ, ಎಂದುಬಿಟ್ಟಿದ್ದ. ಆ ಮಾತು ಅಷ್ಟು ಸಲೀಸಾಗಿ ತನ್ನ ಬಾಯಿಂದ ಹೇಗೆ ಬಂತು ಎಂಬುದೇ ಬೆಳಿಗ್ಗೆ ಎದ್ದಾಗಿನಿಂದ ಅವನನ್ನು ಕೊರೆಯುತ್ತಿತ್ತು. ತಡವರಿಸಿದ್ದರೆ, ಒಂದು ಸಲ ಉಗುಳು ನುಂಗಿದ್ದರೆ, ಕಣ್ಣನ್ನಾದರೂ ತಪ್ಪಿಸಿದ್ದರೆ ತನ್ನೊಳಗೆ ಇನ್ನೂ ಏನೋ ಉಳಿದಿದೆ ಎಂದುಕೊಳ್ಳಬಹುದಿತ್ತು. ನಿನ್ನೆ ಸಂಜೆ ಗಾಡಿಗಳ ಸಾಲು ರಸ್ತೆಯವರೆಗೆ ಬೆಳೆದಿದ್ದ ಹೊತ್ತಿನಲ್ಲಿ, ಬಂಕಿನ ಹಿಂದಿನ ಗೋಡೆಯಾಚೆ ಇರುವ ಟೈಲರಕ್ಕ ಸೆರಗಿನ ತುದಿಯಿಂದ ಮುಚ್ಚಿಕೊಂಡು ಒಂದು ಚೊಂಬು ತಂದಿದ್ದಳು. 'ಸ್ವಲ್ಪ ಮೂಸಿ ನೋಡಪ್ಪ. ಮಗಳು ಬಾವಿ ನೀರು ವಾಸನೆ ವಾಸನೆ ಅಂತ ಒಂದೇ ಸಮ ಹೇಳ್ತಿದಾಳೆ. ಮೆಷಿನ್ ಎಣ್ಣೆ ಮೂಸಿ ಮೂಸಿ ನನ್ನ ಮೂಗು ಸತ್ತುಹೋಗಿದೆ. ನಿಮಗಾದ್ರೆ ಇದೆಲ್ಲ ಗೊತ್ತಾಗುತ್ತೆ.' ಅವನು ಬಗ್ಗುವ ಮೊದಲೇ ವಾಸನೆ ಎದ್ದು ಬಂದಿತ್ತು. ನೀರಿನ ಮೇಲೆ ಟ್ಯೂಬ್‌ಲೈಟಿನ ಬೆಳಕಿಗೆ ನೀಲಿ, ನೇರಳೆ, ಮತ್ತೆ ನೀಲಿಯಾಗಿ ಒಂದು ತೆಳುಪೊರೆ ನಿಧಾನಕ್ಕೆ ಸುತ್ತುತ್ತಿತ್ತು. ತಲೆ ಎತ್ತಿದರೆ ಪಂಪಿನ ಹುಡುಗರೆಲ್ಲ ಅವನನ್ನೇ ನೋಡುತ್ತಿದ್ದರು, ಸ್ಕೂಟರಿನ ಮುಚ್ಚಳ ತೆಗೆದು ನಿಂತಿದ್ದ ಗಿರಾಕಿಯೂ ನೋಡುತ್ತಿದ್ದ. 'ಏನೂ ಇಲ್ಲ ಅಕ್ಕ. ಇಲ್ಲಿ ನಿಂತು ಮೂಸಿದ್ರೆ ಪನ್ನೀರೂ ಪೆಟ್ರೋಲ್ ವಾಸನೆಯೇ ಹೊಡೆಯೋದು.' ಹುಡುಗರು ನಕ್ಕರು. ಟೈಲರಕ್ಕನೂ ನಕ್ಕಳು. 'ಅದೂ ಸರಿ ಅನ್ನು' ಎಂದು ಚೊಂಬಿನ ನೀರನ್ನು ಕ್ಯಾಬಿನ್ ಮುಂದಿನ ಹೂಕುಂಡಕ್ಕೆ ಸುರಿದು, ಹಗುರವಾಗಿ ಹೊರಟುಹೋದಳು. ಆ ಹಗುರವನ್ನು ಕೊಟ್ಟವನು ತಾನೇ.

'ಇನ್ನೂ ಉಜ್ಜಿದ್ರೆ ಚರ್ಮ ಕಿತ್ತು ಬರುತ್ತೆ' ಎಂದು ಹೆಂಡತಿ ಬಚ್ಚಲಿನ ಬಾಗಿಲಲ್ಲಿ ನಿಂತು ಹೇಳಿದಳು. 'ಕೈ ಕೊಡಿ ಇಲ್ಲಿ. ಏನೂ ವಾಸನೆ ಇಲ್ಲ ರೀ.' ಅವಳೂ ಏನೂ ಇಲ್ಲ ಎಂದದ್ದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಟವೆಲ್ಲು ಕಿತ್ತುಕೊಂಡ. ಶಾಲೆಯಲ್ಲಿ ಅವನನ್ನು ಸೀಮೆಎಣ್ಣೆ ಎಂದು ಕರೆಯುತ್ತಿದ್ದರು. ಬಂಕಿನವರ ಮಗನ ಅಂಗಿಯಲ್ಲಿ, ತಲೆಗೂದಲಲ್ಲಿ, ಡಬ್ಬಿಯ ಊಟದಲ್ಲೂ ಆ ವಾಸನೆ ಇರುತ್ತದೆಂದು ಪಕ್ಕದ ಬೆಂಚಿನವನು ದೂರ ಸರಿಯುತ್ತಿದ್ದ. ಅಣ್ಣನಿಗೂ ಅದೇ ಹೆಸರಿತ್ತು. ಆದರೆ ಅಣ್ಣ ಕರೆದವನನ್ನು ಹಿಡಿದು ಬಡಿದು ಹೆಸರನ್ನು ಅಲ್ಲಿಗೇ ಮುಗಿಸಿದ್ದ. ಅವನು ಮಾತ್ರ ಶಾಲೆ ಬಿಡುವವರೆಗೂ ಸೀಮೆಎಣ್ಣೆಯಾಗಿಯೇ ಉಳಿದ. ಈಗಲೂ ಬಂಕಿನಲ್ಲಿ ಅಣ್ಣ ಯಜಮಾನ, ಅವನು ಚಿಕ್ಕ ಯಜಮಾನ. ತೀರ್ಮಾನ ಅಣ್ಣನದು, ಅಳತೆ ಅವನದು. ನೆಲದಡಿಯ ಟ್ಯಾಂಕಿಗೆ ಬೆಳಿಗ್ಗೆ ಹಿತ್ತಾಳೆಯ ಕೋಲು ಇಳಿಸಿ ಪೆಟ್ರೋಲು ಎಲ್ಲಿಯವರೆಗೆ ಇದೆ ಎಂದು ನೋಡುವುದು ಅಪ್ಪ ಸತ್ತಾಗಿನಿಂದ ಅವನ ಕೆಲಸ. ರಾತ್ರಿ ಬೀಗ ಹಾಕಿದ ಬಂಕಿನಲ್ಲಿ ಬೆಳಗಾಗುವಷ್ಟರಲ್ಲಿ ಪೆಟ್ರೋಲು ಇಳಿದಿರುತ್ತಿತ್ತು. ಮೊದಲು ಕೋಲನ್ನು ಅನುಮಾನಿಸಿದ, ಆಮೇಲೆ ಕಣ್ಣನ್ನು, ಆಮೇಲೆ ಹುಡುಗರನ್ನು. ಕೊನೆಗೆ ಅಣ್ಣನ ಮುಂದೆ ಹೋಗಿ ನಿಂತ. ಅಣ್ಣ ಪೇಪರಿನಿಂದ ತಲೆ ಎತ್ತದೆ, 'ಬಿಸಿಲಿಗೆ ಆವಿ ಆಗುತ್ತೆ' ಎಂದ.

'ರಾತ್ರಿ ಯಾವ ಬಿಸಿಲು ಅಣ್ಣ?'

ಅಣ್ಣ ಪೇಪರು ಮಡಿಚಿದ. ಮರುದಿನ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿದ್ದೂ ಅಣ್ಣನೇ. ಆತ ಮುಚ್ಚಳ ಎತ್ತಿ ಟಾರ್ಚು ಬಿಟ್ಟು ನೋಡಿ, ಕಬ್ಬಿಣಕ್ಕೆ ವಯಸ್ಸಾಗಿದೆ, ಅಗೆದು ಎತ್ತದೆ ಬೇರೆ ದಾರಿಯಿಲ್ಲ ಎಂದ. ಅಣ್ಣ ಅವನಿಗೆ ಟೀ ಕುಡಿಸಿ ಭುಜ ತಟ್ಟಿ ಕಳಿಸಿಕೊಟ್ಟು, ತಮ್ಮನ ಕಡೆ ತಿರುಗಿದ. 'ಅಗೆಯೋದು ಅಂದ್ರೆ ಏನು ಗೊತ್ತಾ ನಿನಗೆ? ಬಂಕು ಮುಚ್ಚೋದು. ಒಂದು ಸಲ ಮುಚ್ಚಿದ್ರೆ ಕಂಪನಿಯವರು ಮತ್ತೆ ತೆಗೆಯೋಕೆ ಬಿಡ್ತಾರಾ? ನಮ್ಮನ್ನೇ ನಂಬಿಕೊಂಡಿರೋ ಹುಡುಗರು ಎಲ್ಲಿಗೆ ಹೋಗಬೇಕು? ಮಳೆಗಾಲ ಕಳೀಲಿ, ನೋಡೋಣ.' ಮಳೆಗಾಲ ಕಳೆಯಿತು. ನೋಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಒಂದು ಸಲ ಹೇಳಿಯಾಗಿತ್ತಲ್ಲ, ಹೇಳಿದ ಮೇಲೆ ಭಾರ ಅಣ್ಣನ ತಲೆಗೆ ದಾಟಿತು ಎಂಬ ನೆಮ್ಮದಿ ಅವನಿಗೆ. ಇಳಿದದ್ದು ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಯನ್ನು ಇಬ್ಬರೂ ಬಾಯಿಬಿಟ್ಟು ಕೇಳಿಕೊಂಡಿರಲಿಲ್ಲ. ಕೆಳಗೆ ಮಣ್ಣಿದೆ, ಮಣ್ಣು ಕುಡಿಯುತ್ತದೆ, ಮಣ್ಣಿಗೆ ಯಾವುದು ತಾನೇ ಹೆಚ್ಚು ಎಂದು ಅವನು ಕೋಲು ಒರೆಸುತ್ತ ಅಂದುಕೊಳ್ಳುತ್ತಿದ್ದ. ನಿನ್ನೆಯ ತನಕ ಹಾಗೇ ಅಂದುಕೊಂಡಿದ್ದ.

ಬಂಕಿನ ಗಾಜಿನ ಕ್ಯಾಬಿನ್ನಿನಲ್ಲಿ ಕೂತರೆ ಎದುರಿಗೆ ಪಂಪು, ಬೆನ್ನಿಗೆ ಗೋಡೆ. ಇವತ್ತು ಬೆನ್ನೇ ಅವನನ್ನು ಕಾಡುತ್ತಿತ್ತು. ಬೆಳಗಿನ ಸಾಲು ಆಗಲೇ ಶುರುವಾಗಿತ್ತು: ಶಾಲೆಗೆ ಮಗು ಬಿಡುವವರು, ಆಫೀಸಿಗೆ ಹೊರಟವರು, ಎರಡು ಬೀದಿ ಆಚೆಯ ಅಂಗಡಿಯಿಂದ ಹಾಲು ತರುವುದಕ್ಕೂ ಗಾಡಿ ತೆಗೆದವರು. ಮುಕ್ಕಾಲು ಪಾಲು ಇದೇ ಬೀದಿಯ ಮುಖಗಳು. ಇಂಜಿನ್ನು ಆರಿಸಿ ಎಂದು ಹುಡುಗರು ಕೂಗುತ್ತಿದ್ದರು, ಯಾರೂ ಆರಿಸುತ್ತಿರಲಿಲ್ಲ. ಈ ಟ್ಯಾಂಕು ಇಳಿಸಿದ ದಿನ ಅವನಿಗೆ ಚೆನ್ನಾಗಿ ನೆನಪಿದೆ. ಕ್ರೇನಿನ ಹಗ್ಗಕ್ಕೆ ನೇತುಬಿದ್ದ ಕಪ್ಪು ಆನೆಯಂಥದ್ದು ಹಳ್ಳದೊಳಕ್ಕೆ ಇಳಿಯುವಾಗ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇದು ಗಟ್ಟಿಯಾಗಿರುತ್ತೆ ನೋಡು ಎಂದಿದ್ದ. ಆ ಗಲಾಟೆಯಲ್ಲಿ ಬಾಯಾರಿದ ಮಕ್ಕಳೆಲ್ಲ ಹಿಂದಿನ ಮನೆಗೆ ಓಡಿದ್ದರು. ಟೈಲರಕ್ಕ ಆಗ ಹೊಸದಾಗಿ ಮದುವೆಯಾಗಿ ಬಂದವಳು. ಬಾವಿಯಿಂದ ನೀರು ಸೇದಿ ಒಬ್ಬೊಬ್ಬರ ಬೊಗಸೆಗೂ ಸುರಿದಿದ್ದಳು. ಮೊಣಕೈವರೆಗೆ ಇಳಿದ ಆ ನೀರಿನ ತಂಪು ಈಗಲೂ... ಫೋನು ಬಡಿದುಕೊಂಡಿತು. ಅಣ್ಣ.

'ಹಿಂದಿನ ಮನೆಯವಳು ಏನೋ ಚೊಂಬು ತಂದಿದ್ದಳಂತೆ?'

ಹುಡುಗರಲ್ಲಿ ಯಾರೋ ಹೇಳಿದ್ದಾರೆ. 'ಹೂಂ ಅಣ್ಣ.'

'ಏನೂ ಇಲ್ಲ ಅಂದೆಯಂತೆ. ಒಳ್ಳೇ ಕೆಲಸ ಮಾಡಿದೆ. ನಾಲ್ಕು ಜನರ ಮುಂದೆ ಹಾಗೇ ಗಟ್ಟಿಯಾಗಿ ಹೇಳಬೇಕು. ನಾನೇ ಇದ್ದಿದ್ರೂ ಅಷ್ಟು ಚೆನ್ನಾಗಿ ಹೇಳ್ತಿರಲಿಲ್ಲವೇನೋ.'

ಫೋನು ಕೆಳಗಿಟ್ಟ ಮೇಲೆ ಅವನಿಗೆ ತನ್ನ ಎದೆಯಲ್ಲಿ ಏನೋ ಬೆಚ್ಚಗೆ ಅರಳುತ್ತಿರುವುದು ತಿಳಿಯಿತು. ಏನೆಂದು ಗಮನ ಕೊಟ್ಟು ನೋಡಿದ. ಸಂತೋಷ. ಅಣ್ಣ ಅವನನ್ನು ಹೊಗಳಿ ಎಷ್ಟು ವರ್ಷವಾಗಿತ್ತೋ, ಆ ಹೊಗಳಿಕೆಗೆ ಅವನು ಸಣ್ಣ ಮಗುವಿನ ಹಾಗೆ ಬಾಯಿ ತೆರೆದು ಕಾದಿದ್ದ. ಮುಖ ನೋಡಿಕೊಳ್ಳಲು ಗಾಜಿನತ್ತ ತಿರುಗಿದರೆ ಅಲ್ಲಿ ತುಟಿಯ ಕೊನೆ ಇನ್ನೂ ಸ್ವಲ್ಪ ಮೇಲಕ್ಕೇ ಇತ್ತು. ಅಂಗೈಯಿಂದ ತುಟಿ ಉಜ್ಜಿಕೊಂಡ. ಎದ್ದ. ಎಲ್ಲಿಗೆ ಎಂದು ಹುಡುಗರು ಕೇಳಲಿಲ್ಲ, ಆದರೂ 'ಪ್ಯಾಂಟಿನ ಅಂಚು ಹೊಲಿಸಬೇಕು' ಎಂದು ಯಾರಿಗೋ ಹೇಳಿ, ಪಕ್ಕದ ಸಂದಿಗೆ ತಿರುಗಿಕೊಂಡ.

ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಬಾವಿ ಹಳೆಯದಾಯಿತು, ಸ್ವಲ್ಪ ದಿನ ಬೇರೆ ಕಡೆಯಿಂದ ನೀರು ತನ್ನಿ ಎನ್ನಬಹುದು. ಔಷಧಿ ಹಾಕಿಸಿ ಎನ್ನಬಹುದು. ನಿಜದ ಪಕ್ಕದಲ್ಲೇ ಹಾದುಹೋಗಿ ನಿಜವನ್ನು ಮುಟ್ಟದೆ ಕೆಲಸ ಆಗುವಂಥ ಒಂದು ಮಾತನ್ನು ಸಂದಿಯುದ್ದಕ್ಕೂ ಹುಡುಕಿದ. ಸಿಗುವಷ್ಟರಲ್ಲಿ ಬಾಗಿಲು ಬಂದುಬಿಟ್ಟಿತು. ಒಳಗೆ ಹೊಲಿಗೆ ಯಂತ್ರದ ಸದ್ದು. ಚಿಂದಿ ಬಟ್ಟೆ, ಹಿಡಿಹಿಡಿ ದಾರ, ಗೋಡೆಯ ಮೊಳೆಗಳಲ್ಲಿ ನೇತುಹಾಕಿದ ಅರ್ಧ ಹೊಲಿದ ಶಾಲಾ ಅಂಗಿಗಳು. ಮಗಳು ಗೋಡೆಗೆ ಒರಗಿ ಕಾಲು ಚಾಚಿ, ಉಬ್ಬಿ ಬರುತ್ತಿದ್ದ ಹೊಟ್ಟೆಯ ಮೇಲೆ ಬಿಳಿ ಅಂಗಿಯೊಂದನ್ನು ಹರಡಿಕೊಂಡು ಗುಂಡಿ ಹಾಕುತ್ತಿದ್ದಳು. ಗೋಡೆಯಾಚೆಯಿಂದ ಗಾಡಿಗಳ ಸದ್ದು ಇಲ್ಲಿಗೆ ಇಷ್ಟು ಸ್ಪಷ್ಟವಾಗಿ ಕೇಳುತ್ತದೆಂದು ಅವನಿಗೆ ತಿಳಿದಿರಲಿಲ್ಲ.

'ಬಾ ಬಾ' ಎಂದು ಟೈಲರಕ್ಕ ಯಂತ್ರ ನಿಲ್ಲಿಸಿದಳು. 'ಈಗ ಇವಳಿಗೆ ನಿನ್ನದೇ ಕಥೆ ಹೇಳ್ತಿದ್ದೆ. ಈಗೊಂದು ವಾರದಿಂದ ಈ ಹೊಟ್ಟೆ ಹೊತ್ತುಕೊಂಡು ಮೇಲಿನ ಬೀದಿ ನಲ್ಲಿಗೆ ಹೋಗಿ ಕೊಡ ತರ್ತಾಳೆ ಕುಡಿಯೋಕೆ. ಬಸುರಿ ಮೂಗು, ಗಾಳಿಗೂ ವಾಸನೆ ಅಂತಾಳೆ. ನೀನು ಹೇಳಿದ ಮೇಲೆ ಧೈರ್ಯ ಬಂತು. ಬೆಳಿಗ್ಗೆ ಅವಳ ಕೊಡ ಚೆಲ್ಲಿಬಿಟ್ಟೆ. ಇನ್ನು ಹೋಗಬೇಡ, ಎಲ್ಲಾದ್ರೂ ಜಾರಿ ಬಿದ್ರೆ ಏನು ಗತಿ ಅಂತ.'

'ವಾಸನೆ ಇತ್ತು' ಎಂದಳು ಮಗಳು, ಗುಂಡಿಯಿಂದ ಕಣ್ಣೆತ್ತದೆ.

'ಇತ್ತಂತೆ. ಬಂಕಿನವರಿಗೇ ಸಿಗದ ವಾಸನೆ ಇವಳಿಗೆ ಸಿಕ್ಕಿದೆ.' ಟೈಲರಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದು ಹಿಡಿದಳು. 'ತಗೋ. ಬಿಸಿಲಲ್ಲಿ ಬಂದಿದೀಯ.'

'ಬೇಡ ಅಕ್ಕ, ಈಗ ತಾನೇ ಟೀ ಆಯ್ತು.'

'ಟೀ ಕುಡಿದ್ರೆ ಬಾಯಾರಿಕೆ ಹೋಗುತ್ತಾ? ತಗೋ.'

'ಬೇಡ, ನಿಜವಾಗ್ಲೂ ಬೇಡ.' ಅವನು ಅರಿವಿಲ್ಲದೆ ಒಂದು ಹೆಜ್ಜೆ ಹಿಂದಿಟ್ಟಿದ್ದ. ಟೈಲರಕ್ಕ ಅವನ ಪಾದ ನೋಡಿದಳು. ಲೋಟ ಹಿಡಿದ ಕೈ ಚಾಚಿದಲ್ಲೇ ನಿಂತಿತು. ಮುಖದಲ್ಲಿ ನಗುವಿತ್ತು, ಆದರೆ ನಗುವನ್ನು ಅಲ್ಲಿ ನಿಲ್ಲಿಸಿಕೊಳ್ಳಲು ಅವಳು ಕಷ್ಟಪಡುತ್ತಿದ್ದುದು ಕತ್ತಿನ ನರದಲ್ಲಿ ಕಾಣುತ್ತಿತ್ತು. 'ಯಾಕಪ್ಪ? ದೊಡ್ಡ ಮನುಷ್ಯರಾದ ಮೇಲೆ ನಮ್ಮನೆ ನೀರು ಗಂಟಲಲ್ಲಿ ಇಳಿಯಲ್ವಾ?' ತಮಾಷೆಯ ಧಾಟಿಯಲ್ಲೇ ಹೇಳಿದಳು. ಅವಳು ಏನೆಂದುಕೊಂಡಳೆಂಬುದು ಅವನಿಗೆ ಅರ್ಥವಾಯಿತು. ಅಲ್ಲ ಅಕ್ಕ, ಅದಲ್ಲ ಎಂದರೆ ಮತ್ತೆ ಯಾವುದು ಎಂದು ಹೇಳಬೇಕು. ಕೈ ಚಾಚಿ ಲೋಟ ತೆಗೆದುಕೊಂಡ. ಒಂದೇ ಉಸಿರಿಗೆ ಎತ್ತಿ ಕುಡಿದ. ನಾಲಗೆ ಮರಗಟ್ಟಿತು, ಮೂಗಿನ ಹಿಂಭಾಗದಲ್ಲೆಲ್ಲೋ ಉರಿ ಹತ್ತಿತು, ಹೊಟ್ಟೆ ಹಿಂದಕ್ಕೆ ತಳ್ಳಿತು, ಅದನ್ನೂ ಅದುಮಿ ಕೊನೆಯ ಹನಿಯವರೆಗೆ ಇಳಿಸಿದ. ಆ ಕ್ಷಣ ಅವನಿಗೆ ಹೇಳಲಾಗದಷ್ಟು ಸಮಾಧಾನವಾಯಿತು. ಅವರ ಹೊಟ್ಟೆಗೆ ಹೋದದ್ದು ನನ್ನ ಹೊಟ್ಟೆಗೂ ಹೋಯಿತು. ಇನ್ನು ನಾನೂ ಅವರಲ್ಲೊಬ್ಬ. ಶಿಕ್ಷೆಯನ್ನು ನಾನಾಗಿಯೇ ಕೇಳಿ ಪಡೆದೆ ಎಂಬ ಹೆಮ್ಮೆಯಂಥದ್ದೂ ಅದರಲ್ಲಿತ್ತು, ಕಣ್ಣಲ್ಲಿ ನೀರು ಬರುವಷ್ಟು.

'ನೋಡಿದೆಯಾ?' ಟೈಲರಕ್ಕ ಮಗಳತ್ತ ತಿರುಗಿದಳು. ಮುಖ ಮತ್ತೆ ತಿಳಿಯಾಗಿತ್ತು. 'ಗಟಗಟ ಕುಡಿದ. ನಾನು ಹೇಳಿದ್ರೆ ನಂಬಲ್ಲ ನೀನು.'

ಮಗಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಅವನ ಮುಖವನ್ನೇ ನೋಡಿದಳು. ಏನನ್ನೋ ಹುಡುಕುವ ನೋಟ. ಅವನು ಕಣ್ಣು ತಗ್ಗಿಸಲಿಲ್ಲ. ಕುಡಿದವನಲ್ಲವೇ, ಧೈರ್ಯ ಬಂದಿತ್ತು. ಆ ಕಣ್ಣುಗಳಲ್ಲಿದ್ದ ಅನುಮಾನ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುವುದನ್ನು ಅವನು ನೋಡುತ್ತ ನಿಂತ. ಟೈಲರಕ್ಕ ಅದೇ ಲೋಟಕ್ಕೆ ಮತ್ತೆ ನೀರು ಬಗ್ಗಿಸಿ ಮಗಳ ಕೈಗೆ ಕೊಟ್ಟಳು. 'ಬೆಳಗಿನಿಂದ ಒಂದು ಗುಟುಕೂ ಕುಡಿದಿಲ್ಲ, ಹಟಮಾರಿ.' ಮಗಳು ಲೋಟವನ್ನು ತುಟಿಯ ಹತ್ತಿರ ತಂದಳು. ಆಗ ಅವನಿಗೆ ಹೊಳೆಯಿತು. ತಾನು ಶಿಕ್ಷೆಯೆಂದು ಕುಡಿದದ್ದು ಈ ಮನೆಯಲ್ಲಿ ಸಾಕ್ಷಿಯಾಗಿ ನಿಂತಿತ್ತು. ನಿನ್ನೆ ಬಾಯಲ್ಲಿ ಹೇಳಿದ ಸುಳ್ಳನ್ನು ಇವತ್ತು ಇಡೀ ಮೈಯಿಂದ ಹೇಳಿದ್ದ. ಹೋಗಿ ಅವಳ ಮಣಿಕಟ್ಟು ಹಿಡಿದುಬಿಟ್ಟ. ಲೋಟ ವಾಲಿ ನೀರು ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತು.

'ಕುಡೀಬೇಡಮ್ಮ. ಅದರಲ್ಲಿ ಪೆಟ್ರೋಲ್ ಇದೆ.'

ಗೋಡೆಯಾಚೆ ಒಂದು ಲಾರಿ ಹಾರನ್ ಹೊಡೆಯಿತು. ತಾನು ಇನ್ನೂ ಪರರ ಮನೆಯ ಹೆಣ್ಣುಮಗಳ ಕೈ ಹಿಡಿದುಕೊಂಡಿದ್ದೇನೆಂದು ಗೊತ್ತಾಗಿ ಬಿಟ್ಟ.

'ಯಾವಾಗಿನಿಂದ?' ಎಂದಳು ಟೈಲರಕ್ಕ.

'ಟ್ಯಾಂಕು ಸೋರ್ತಿದೆ. ಹೋದ ಮಳೆಗಾಲಕ್ಕೂ ಮುಂಚಿನಿಂದ.'

'ನಾನು ಚೊಂಬು ತಂದಾಗ ಗೊತ್ತಿತ್ತಾ ನಿನಗೆ?'

'ಗೊತ್ತಿತ್ತು.'

'ಹಾಗಾದ್ರೆ ನೀವು ಯಾಕೆ ಕುಡಿದ್ರಿ?' ಕೇಳಿದ್ದು ಮಗಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಬರೀ ಅರ್ಥವಾಗದ ಬೆರಗು. ಒಂದು ಕ್ಷಣದ ಹಿಂದೆ ಅಷ್ಟು ದೊಡ್ಡದಾಗಿ ಕಂಡ ಆ ಕೆಲಸ ಈಗ ಹುಚ್ಚಾಟದಂತೆ, ಅದಕ್ಕಿಂತಲೂ ಕೀಳಾದ ಏನೋ ಒಂದರಂತೆ ಕಂಡಿತು. ಟೈಲರಕ್ಕ ಮಗಳ ಹೊಟ್ಟೆಯ ಮೇಲಿನಿಂದ ಒದ್ದೆ ಅಂಗಿ ಎತ್ತಿದಳು, ಹಿಂಡಿದಳು, ಮೂಗಿಗೆ ಹಿಡಿದು ನೋಡಿದಳು, ಮಡಿಚಿದಳು. 'ತವರಿಗೆ ಬಂದು ಮೂರು ತಿಂಗಳಾಯ್ತು ಇವಳು' ಎಂದು ಅಂಗಿಗೆ ಹೇಳುವಂತೆ ಹೇಳಿದಳು. 'ನಾನೇ ಸೇದಿ ಸೇದಿ ಕೊಟ್ಟಿದೀನಿ.' ಆಮೇಲೆ ಅವನ ಕಡೆ ನೋಡದೆ, 'ಹೋಗು, ಮೊದಲು ಅದನ್ನ ನಿಲ್ಲಿಸು. ಅಳೋದಿದ್ರೆ ಆಮೇಲೆ ಅಳು' ಎಂದಳು. ತಾನು ಅಳುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಆಗಲೇ.

ನೇರ ಬಂದು ಬಂಕಿನ ಮೇನ್ ಸ್ವಿಚ್ಚು ಇಳಿಸಿದ. ಪಂಪುಗಳ ಅಂಕಿಗಳು ಒಟ್ಟಿಗೆ ಆರಿದವು. ಹಗ್ಗ ತಂದು ಎರಡೂ ದಾರಿಗೆ ಅಡ್ಡ ಕಟ್ಟಿದ. ಹುಡುಗರು ಅವನ ಮುಖ ನೋಡಿ ದೂರವೇ ನಿಂತರು. ಸಾಲು ಗದ್ದಲವಾಯಿತು. ಕರೆಂಟು ಹೋಯಿತೇ, ಸ್ಟಾಕು ಮುಗಿಯಿತೇ, ನಾಳೆಯಿಂದ ರೇಟು ಏರಿಸುವ ಆಟವೇ ಎಂದು ಒಬ್ಬೊಬ್ಬರು ಒಂದೊಂದು ಕೂಗಿದರು. ಟೈಲರಕ್ಕನ ಮನೆಯಿಂದ ಮೂರನೇ ಮನೆಯವನು, ದಿನವೂ ಟೈ ಕಟ್ಟಿಕೊಂಡು ಆಫೀಸಿಗೆ ಹೋಗುವವನು, ಹಗ್ಗದ ಮೇಲಿಂದ ಬಗ್ಗಿ, 'ನನಗೊಂದು ಲೀಟರ್ ಹಾಕಿ ಆಮೇಲೆ ಮುಚ್ಚಿ ಸಾರ್' ಎಂದ. ಟ್ಯಾಂಕು ಸೋರಿ ಬಾವಿಗಳಿಗೆ ಹೋಗುತ್ತಿದೆ, ನಿಮ್ಮ ಬಾವಿಯದ್ದೂ ಕುಡಿಯಬೇಡಿ ಎಂದು ಇವನು ಬಿಡಿಸಿ ಹೇಳಿದ. ಆತ ಗಡಿಯಾರ ನೋಡಿಕೊಂಡ. 'ಅದು ಸಂಜೆ ಬಂದು ನೋಡೋಣ. ಈಗ ಲೇಟಾಗ್ತಿದೆ, ಅರ್ಧ ಲೀಟರಾದ್ರೂ ಹಾಕಿ.' ಇವನಿಗೆ ನಗು ಬಂತು. ಬಂದ ನಗು ಓಕರಿಕೆಯಾಯಿತು. ಓಡಿಹೋಗಿ ಕ್ಯಾಬಿನ್ನಿನ ಹಿಂದೆ ಕೂತು ವಾಂತಿ ಮಾಡಿದ.

ಅಣ್ಣನ ಕಾರು ಹಗ್ಗವನ್ನು ಮುಟ್ಟಿ ನಿಂತಿತು. ಅಣ್ಣ ಕೂಗಾಡುತ್ತಾನೆಂದುಕೊಂಡಿದ್ದ, ಅಣ್ಣ ಒಳಗೆ ಬಂದು ಕ್ಯಾಬಿನ್ನಿನ ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ, 'ಸ್ವಿಚ್ ಹಾಕು' ಎಂದ.

'ಇಲ್ಲ ಅಣ್ಣ.'

'ಅಪ್ಪ ಕಟ್ಟಿದ್ದು ಇದು.'

'ಗೊತ್ತು.'

'ಗೊತ್ತಿಲ್ಲ ನಿನಗೆ. ಏನೂ ಗೊತ್ತಿಲ್ಲ. ಜೈಲು ಅಂದ್ರೆ ಗೊತ್ತಾ? ನಾನಲ್ಲ, ಇಬ್ಬರೂ. ಅಳತೆ ನೋಡ್ತಿದ್ದವನು ನೀನು.' ಅಣ್ಣನ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅಣ್ಣನಿಗೂ ಭಯವಾಗುತ್ತದೆ ಎಂಬುದನ್ನು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

'ಆ ಬಾವಿ ನೀರು ಕುಡಿದು ಬಂದೆ ಅಣ್ಣ. ಒಂದು ಲೋಟ.'

ಅಣ್ಣನ ಕೈ ಮೇಲೆದ್ದಿತು. ಹೊಡೆಯುತ್ತಾನೆಂದು ಅವನು ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಣ್ಣ ಅವನ ಅಂಗಿಯ ಮೇಲಿದ್ದ ಕಲೆಯನ್ನು ನೋಡುತ್ತಿದ್ದ. 'ವಾಂತಿ ಆಯ್ತಾ?' ಎಂದು ಕೇಳಿದ.

'ಆಯ್ತು.'

'ಡಾಕ್ಟರ ಹತ್ತಿರ ಹೋಗು.' ಅಣ್ಣ ಕುರ್ಚಿಯಲ್ಲಿ ಕುಸಿದ. ಬಹಳ ಹೊತ್ತು ಹೊರಗಿನ ಸಾಲು ಕರಗುವುದನ್ನೇ ನೋಡಿದ. ಆಮೇಲೆ ಫೋನನ್ನು ಮೇಜಿನ ಮೇಲೆ ಇವನ ಕಡೆಗೆ ತಳ್ಳಿ, 'ಕಂಪನಿಗೆ ನೀನೇ ಮಾಡು. ನಾನು ಮಾತಾಡಲ್ಲ. ಇನ್ನು ನಿನ್ನ ಜೊತೆಗೂ ಮಾತಾಡಲ್ಲ' ಎಂದ. ಎರಡನ್ನೂ ಹೇಳಿದಂತೆಯೇ ನಡೆಸಿಕೊಟ್ಟ.

ಮೊದಲು ಟ್ಯಾಂಕು ಬರಿದು ಮಾಡಿದರು, ಆಮೇಲೆ ಅಗೆದರು. ಎತ್ತಿದ ದಿನ ಬೀದಿಯೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೋಡಲು ನಿಂತಿತ್ತು. ಕ್ರೇನಿಗೆ ನೇತುಬಿದ್ದದ್ದರ ಹೊಟ್ಟೆಯಡಿ ಕಿರುಬೆರಳು ತೂರುವಷ್ಟು ತೂತುಗಳು, ಹಳ್ಳದ ಮಣ್ಣು ಹಸಿಯಾಗಿ, ಕಪ್ಪಾಗಿ, ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಪರೀಕ್ಷೆಗೆ ಬಂದವರು ಮಣ್ಣನ್ನೂ ನೀರನ್ನೂ ಬಾಟಲಿಗಳಲ್ಲಿ ತುಂಬಿಕೊಂಡು, ಬಾವಿಗಳಿಗೆ ಒಂದೊಂದಾಗಿ ಹಲಗೆ ಹೊಡೆದು ಮುಚ್ಚಿಸಿದರು. ಎಲ್ಲಿಯವರೆಗೆ ಹರಡಿದೆ ಎಂದು ಅವನು ಕೇಳಿದಾಗ, ನೆಲದೊಳಗೆ ಹೋದದ್ದು ಯಾವ ಕಡೆ ಹೊರಟಿತೆಂದು ಈಗಲೇ ಹೇಳಲಾಗದು, ವರ್ಷಗಟ್ಟಲೆ ನೋಡುತ್ತಿರಬೇಕು ಎಂದರು. ಬಂಕಿನ ಹುಡುಗರಲ್ಲಿ ಕೆಲವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಸಿಗದವನೊಬ್ಬ ಅವನೆದುರೇ ಉಗುಳಿ ಹೋದ. ಕೇಸು ನಡೆಯುತ್ತಿದೆ. ಮನೆಯಲ್ಲಿ ಅಣ್ಣ ಅವನಿದ್ದ ಕೋಣೆಗೆ ಬರುವುದಿಲ್ಲ. ಅತ್ತಿಗೆ ಊಟ ಬಡಿಸಿ, ಮಾತು ಬಂದರೆ ಗೋಡೆಗೆ ಹೇಳುತ್ತಾಳೆ. ಹೆಂಡತಿ ಮಾತ್ರ ಒಂದು ದಿನ, 'ನನಗಾದ್ರೂ ಮೊದಲೇ ಹೇಳಬಹುದಿತ್ತು' ಎಂದಳು.

ಬೀದಿಗೆ ನೀರು ಕೊಡುವ ಹೊಣೆ ಬಂಕಿನವರದೆಂದು ಆದೇಶವಾಯಿತು. ಟ್ಯಾಂಕರ್ ಬಾಡಿಗೆಗೆ ಹಿಡಿದದ್ದಾಯಿತು, ಡ್ರೈವರ್ ಬೇಡ, ನಾನೇ ಓಡಿಸುತ್ತೇನೆ ಎಂದ. ಬೆಳಿಗ್ಗೆ ಬೀದಿಯ ತುದಿಯಲ್ಲಿ ಅದು ಹೊಗೆಯುಗುಳುತ್ತ ನಿಂತರೆ ಜನ ಕೊಡ, ಬಕೆಟ್ಟು, ಪ್ಲಾಸ್ಟಿಕ್ ಡ್ರಮ್ಮು ಹಿಡಿದು ಬರುತ್ತಾರೆ. ಅವನು ಪೈಪು ಹಿಡಿಯುತ್ತಾನೆ. ಮೊದಲ ದಿನಗಳಲ್ಲಿ ಬೈಗುಳವನ್ನು ಕಾದಿದ್ದ, ಅದರಿಂದ ಏನೋ ತೀರುತ್ತದೆ ಎಂಬಂತೆ. ಯಾರೂ ಬೈಯಲಿಲ್ಲ. ಬೆಳಗಿನ ಹೊತ್ತು, ಎಲ್ಲರಿಗೂ ಅವಸರ. ಟೈಲರಕ್ಕ ಬರುವುದೇ ಇಲ್ಲ; ಪಕ್ಕದ ಮನೆಯಾಕೆ ಅವರ ಕೊಡವನ್ನೂ ಹಿಡಿದು ಒಯ್ಯುತ್ತಿದ್ದಳು. ಇವತ್ತು ಆಕೆ ಇರಲಿಲ್ಲವೋ ಏನೋ, ಸಾಲಿನ ಕೊನೆಯಲ್ಲಿ ಮಗಳೇ ನಿಂತಿದ್ದಳು, ಒಂದು ಕೈ ಸೊಂಟಕ್ಕೆ ಊರಿಕೊಂಡು. ಹೆರಿಗೆ ಇವತ್ತೋ ನಾಳೆಯೋ ಎನ್ನುವಂತಿತ್ತು. ನೀವು ಮುಂದೆ ಬನ್ನಿ ಎಂದು ಯಾರೋ ಕರೆದರು. ಅವಳು ತಲೆಯಾಡಿಸಿ ತನ್ನ ಸರದಿಗೇ ಕಾದಳು. ಬಂದು ಕೊಡ ಇಟ್ಟಾಗ ಅವಳ ಹಿಂದೆ ಯಾರೂ ಇರಲಿಲ್ಲ. ನೀರು ಕೊಡದ ತಳಕ್ಕೆ ಬಡಿಯುವ ಸದ್ದಿನ ನಡುವೆ ಅವಳು ಅವನಿಗಷ್ಟೇ ಕೇಳುವಂತೆ ಕೇಳಿದಳು.

'ಡಾಕ್ಟರು ಏನೂ ಹೆದರಬೇಡಿ ಅಂತಾರೆ. ಅಮ್ಮನೂ ಹಾಗೇ ಹೇಳ್ತಾಳೆ. ನೀವು ಹೇಳಿ. ಮಗುವಿಗೆ ಏನಾದ್ರೂ ಆಗಿರುತ್ತಾ?'

ಹೇಳಬಹುದಾದ ಮಾತುಗಳೆಲ್ಲ ಒಟ್ಟಿಗೆ ನಾಲಗೆಯ ತುದಿಗೆ ಬಂದವು, ಒಂದಕ್ಕಿಂತ ಒಂದು ಒಳ್ಳೆಯವು, ಒಂದಕ್ಕಿಂತ ಒಂದು ಸಲೀಸಾದವು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಒಂದು ಮಾತು ಅಂದರೆ ಅವಳು ಈ ರಾತ್ರಿಯಾದರೂ ನಿದ್ದೆ ಮಾಡುತ್ತಾಳೆ.

'ಗೊತ್ತಿಲ್ಲಮ್ಮ' ಎಂದ.

ಅವಳು ಅವನ ಮುಖವನ್ನು ಆವತ್ತಿನ ಹಾಗೆಯೇ, ಏನನ್ನೋ ಹುಡುಕುವಂತೆ ನೋಡಿದಳು. ಹುಡುಕಿದ್ದು ಸಿಕ್ಕಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ತಲೆಯಾಡಿಸಿದಳು.

'ಪೈಪು ಸ್ವಲ್ಪ ಈ ಕಡೆ ಹಿಡೀರಿ' ಎಂದಳು. 'ಹೊರಗೆ ಚೆಲ್ತಿದೆ.'